ಮಣ್ಣು ಸೋಸದ ನೀರು

ಬಸುರಿ ಮಗಳನ್ನು ಕುಬಸದ ಸೀಮಂತ ಮುಗಿದ ಮರುದಿನವೇ ಅವಳ ಗಂಡನ ಊರು ಬಬಲೇಶ್ವರದಿಂದ ತಿಕೋಟಾದ ನಮ್ಮ ತೋಟದ ಮನೆಗೆ ಕರೆತಂದೆ. ಚೊಚ್ಚಲ ಹೆರಿಗೆ ತವರಿನದು. ಅವಳು ಉಣ್ಣುವ, ಕುಡಿಯುವ ಎಲ್ಲದಕ್ಕೂ ನಾನೇ ಹೊಣೆ. ಬಾವಿಯ ನೀರನ್ನು ನಾಲ್ಕು ಮಡಿಕೆಯ ಧೋತರದಲ್ಲಿ ಸೋಸಿ ಬೆಳಿಗ್ಗೆ ಆರಕ್ಕೆ ಕೊಡ ತುಂಬುತ್ತಿದ್ದೆ.

"ಯಪ್ಪಾ, ನಮ್ಮ ಬಾವಿ ನೀರು ಕುಡದರ ಊಟಾನೂ ರುಚಿ ಹತ್ತತೈತಿ" ಎನ್ನುತ್ತಿದ್ದಳು.

ದ್ರಾಕ್ಷಿಗೆ ರೋಗದ ಔಷಧ ಹೊಡೆದ ದಿನ, ಅದನ್ನು ಕಲಸಿದ ಡ್ರಮ್ಮನ್ನು ತೊಳೆಯದೆ ಯಾರೂ ಊಟಕ್ಕೆ ಕೂರಬಾರದು. ಅದು ನಾನು ಮಾಡಿದ ನಿಯಮ. ನಲ್ಲಿ ಇರುವುದು ಬಾವಿಯ ಮಗ್ಗುಲಲ್ಲಿ, ಆದ್ದರಿಂದ ಇಷ್ಟು ವರ್ಷವೂ ತೊಳೆದದ್ದು ಅಲ್ಲೇ.

ಮೇ ತಿಂಗಳಲ್ಲಿ ಮಣ್ಣು ಪರೀಕ್ಷೆಗೆಂದು ವಿಜಯಪುರದಿಂದ ಒಬ್ಬರು ಬಂದರು. ತೋಟದ ಮಣ್ಣು ತೆಗೆದುಕೊಂಡು ಹೊರಟವರು ಬಾವಿಯ ಬಳಿ ನಿಂತರು. ಅಲ್ಲಿಯ ಕರಿಮಣ್ಣು ಕೈ ಇಳಿಯುವಷ್ಟು ಬಿರಿದಿತ್ತು.

"ಕಾಕಾರ, ಡ್ರಮ್ ಯಾವಾಗಲೂ ಇಲ್ಲೇ ತೊಳೀತೀರೇನ್ರಿ?"

"ಹೌದ್ರಿ. ಒಂದಿನಾನೂ ತಪ್ಪಿಸಿಲ್ಲ. ಬೇಕಾದ್ರ ಮೂಸಿ ನೋಡ್ರಿ."

"ಡ್ರಮ್ ಸ್ವಚ್ಛ ಆತ್ರಿ. ಅದರಾಗಿನ ಹೊಲಸು ಎಲ್ಲಿ ಹೋತು?"

"ಮಣ್ಣಾಗ. ಮಣ್ಣು ಸೋಸತೈತಲ್ರಿ."

"ದಪ್ಪಂದು ಸೋಸತೈತ್ರಿ. ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಕಣ ಇರತಾವ. ಔಷಧ ಅವಕ್ಕ ಅಂಟ್ಕೊಂತೈತಿ. ಅವು ನೀರಿನ ಕೂಡ ಈ ಬಿರುಕಿನಾಗ ಸೀದಾ ಇಳೀತಾವ. ನಿಮ್ಮ ಧೋತರ ಅವನ್ನ ಹಿಡಿಯಂಗಿಲ್ರಿ."

ನಾನು ಸೋಸಿಟ್ಟಿದ್ದ ನೀರನ್ನು ಅವರು ಗಾಜಿನ ಲೋಟಕ್ಕೆ ತುಂಬಿ, ಕತ್ತಲೆಯ ಉಗ್ರಾಣದಲ್ಲಿಟ್ಟು, ಪಕ್ಕದಿಂದ ಮೊಬೈಲಿನ ಬೆಳಕು ಬಿಟ್ಟರು. ತಿಳಿ ನೀರಿನೊಳಗೆ ಮಂಜಿನಂಥ ಬಿಳಿ ಗೆರೆ ಎದ್ದಿತು. ಕಣಗಳಿವೆ ಎಂಬುದಕ್ಕೆ ಅದು ಗುರುತು, ಔಷಧವಿದೆಯೋ ಇಲ್ಲವೋ ಪರೀಕ್ಷೆಯೇ ಹೇಳಬೇಕು ಎಂದು ಬಾಟಲಿ ತುಂಬಿಕೊಂಡು ಹೋದರು.

ಅಂದೇ ಊರಿನಿಂದ ಕ್ಯಾನಿನ ನೀರು ತರಿಸಿದೆ. ಮಗಳಿಗೆ ಪಂಪು ಕೆಟ್ಟಿದೆ ಎಂದೆ.

"ಪಂಪು ಕೆಟ್ರ ಬಳ್ಳಿಗೆ ನೀರು ಹೆಂಗ ಹೊಂಟಾವ? ನಿನಗ ಸುಳ್ಳು ಹೇಳಾಕ ಬರಂಗಿಲ್ಲ ಬಿಡು ಯಪ್ಪಾ" ಎಂದು ಮಗಳು ನಕ್ಕಳು. ನಾನು ಮಾತು ತಪ್ಪಿಸಿ ಹೊರಗೆ ಹೋದೆ.

ಹನ್ನೆರಡು ದಿನಕ್ಕೆ ವರದಿ ಬಂತು. ನೀರಿನಲ್ಲಿ ನಾವು ಬಳ್ಳಿಗೆ ಹೊಡೆಯುವ ಔಷಧದ ತಾಮ್ರವಿತ್ತು, ಇನ್ನೊಂದು ಔಷಧವೂ ಇತ್ತು. ವರದಿ ಹಿಡಿದು ವಿಜಯಪುರಕ್ಕೆ, ಸಿದ್ಧೇಶ್ವರ ಗುಡಿಯ ಹತ್ತಿರ ಮಗಳನ್ನು ನೋಡುತ್ತಿದ್ದ ಡಾಕ್ಟರ ಬಳಿ ಓಡಿದೆ. ಹಿಂದಿನ ವಾರದ ಸ್ಕ್ಯಾನಿನಲ್ಲಿ ತೊಂದರೆ ಕಂಡಿಲ್ಲ, ಆದರೆ ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ ಎಂದರು ಆಕೆ. ಮಗಳಿಗೆ ನೀವೇ ಹೇಳಿ ಎಂದೂ ಹೇಳಿದರು.

ಮನೆಗೆ ಬಂದು ಹೇಳಿದೆ. ಡ್ರಮ್ಮಿನದು, ಬಿರುಕಿನದು, ಪಂಪಿನ ಸುಳ್ಳು, ಎಲ್ಲವನ್ನೂ.

"ಎಷ್ಟು ದಿನ ಕುಡದೇನಿ, ಯಪ್ಪಾ?"

"ಮೂವತ್ತೊಂಬತ್ತು ದಿನ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸು ಮಿಸುಕುವುದನ್ನು ಕಾಯುತ್ತ ಕೂತಳು. ನಾನೂ ಕಾದೆ. ಬಹಳ ಹೊತ್ತಿನ ಮೇಲೆ, "ಒದೀತು" ಎಂದಳು, ನನ್ನ ಕಡೆ ನೋಡದೆ.

ಹೆರಿಗೆಗೆ ಇನ್ನೂ ಮೂರು ವಾರವಿದೆ.