ಬಾಗಿಲ ಸಂದಿಯಿಂದ ಬಂದ ಕೈ

ಮೊನ್ನೆ ಮೊಮ್ಮಗಳು ಹಸಿರು ಗಾಜಿನ ಬಳೆಯ ಕಟ್ಟು ಬಿಚ್ಚಿದಳು. ಒಳಗಿನ ಒಣಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸವಣೂರಿನ ನಮ್ಮ ಬಳೆಗಾರವ್ವ ಕಣ್ಣ ಮುಂದೆ ಬಂದು ಕುಳಿತಳು...

ನಾನಾಗ ತಡಸದಿಂದ ಸೊಸೆಯಾಗಿ ಬಂದ ಹೊಸತು. ಬಳೆಗಾರವ್ವ ತವರಿನ ಸುದ್ದಿ ಕೇಳುತ್ತ ಕೇಳುತ್ತ, ನೋವು ತಿಳಿಯದ ಹಾಗೆ ಮುಂಗೈ ಒತ್ತಿ ಬಳೆ ಏರಿಸಿಬಿಡುತ್ತಿದ್ದಳು. ಅವಳು ಬಂದ ದಿನ ನನಗೆ ತವರಿಗೆ ಹೋಗಿಬಂದಂತೆಯೇ.

ಮಾತಾಡುವ ಸಿನೆಮಾ ಆಗಲೇ ಬಂದಿತ್ತು. ಊರಿನ ಫೋಟೋದವನೊಬ್ಬ ಎಲ್ಲಿಂದಲೋ ಕ್ಯಾಮೆರಾ ತಂದು, ಹಾಳು ವಾಡೆಯಲ್ಲಿ ಒಂದು ದೆವ್ವದ ಚಿತ್ರ ತೆಗೆದ. ಧ್ವನಿ ಹಿಡಿಯುವ ತಾಕತ್ತು ಅವನಿಗಿರಲಿಲ್ಲ, ಹಾಗಾಗಿ ಅದು ಮೂಕಚಿತ್ರ. ಸಂತೆಯ ಬಯಲಿನಲ್ಲಿ ತಂಬು ಹೊಡೆದು ತೋರಿಸಿದಾಗ ಓಣಿಯ ಹೆಂಗಸರೆಲ್ಲ ಹೋಗಿ ಕುಳಿತೆವು.

ಅದರ ತಪ್ಪು ಎಣಿಸುತ್ತ ಕೂತರೆ ಹೊತ್ತು ಸಾಲದು. ದೀಪದ ಸೌಕರ್ಯವಿಲ್ಲದೆ ಎಲ್ಲವನ್ನೂ ಮಟಮಟ ಮಧ್ಯಾಹ್ನವೇ ತೆಗೆದಿದ್ದ. ತೆರೆಯ ಮೇಲೆ ‘ಮಧ್ಯರಾತ್ರಿ’ ಎಂದು ಅಕ್ಷರ ಬಂತು. ಹಿಂದೆಯೇ ಅಂಗಳದಲ್ಲಿ ಕೋಳಿಗಳು ಕಾಳು ಹೆಕ್ಕುತ್ತಿದ್ದವು. ದೆವ್ವದ ವೇಷದ ಗಂಡಸು ಸೀರೆ ಎಡವಿ ಬಿದ್ದ. ಅದನ್ನೂ ಕತ್ತರಿಸಿರಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಆಮೇಲೆ ಆ ಕೈ ಬಂತು. ಬಾಗಿಲ ಸಂದಿಯಿಂದ ನಿಧಾನವಾಗಿ ಬಂದು, ಮಲಗಿದ್ದ ಬಾಣಂತಿಯ ಮುಂಗೈ ಹಿಡಿದು, ಮೆತ್ತಗೆ ಒತ್ತಿತು. ತಂಬು ಗಪ್ಪಾಯಿತು. ಇಷ್ಟು ಒಳ್ಳೆಯದನ್ನು ಆ ಬಡಪಾಯಿ ಹೇಗೆ ತೆಗೆದನೋ! ಅಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ಆ ಒತ್ತು ಗೊತ್ತಿತ್ತು. ಅದು ಬಳೆಗಾರವ್ವನ ಕೈ.

ಮರುದಿನದಿಂದ ಅವಳಿಗೆ ಯಾರೂ ಮುಂಗೈ ಕೊಡಲಿಲ್ಲ. ಚಿತ್ರದ ಬಾಣಂತಿಯನ್ನು ಒಯ್ದ ಕೈ ಎಂದರು. ಓಣಿ ಓಣಿ ತಿರುಗಿ ತುಂಬಿದ ಬುಟ್ಟಿಯನ್ನೇ ಹೊತ್ತು ಮನೆಗೆ ಹೋಗುತ್ತಿದ್ದಳು. ನಮ್ಮ ಕಟ್ಟೆಗೂ ಬಂದಳು.

“ನಿನ್ನ ಮಾರಿ ಕಾಣಂಗಿಲ್ಲ, ಬರೇ ಕೈ ಅಂದಿದ್ರವ್ವಾ. ಅದಕ್ಕ ಹೂಂ ಅಂದೆ,” ಎಂದಳು.

ನಾನು ಬಸುರಿ. ಸುಳ್ಳೇಕೆ ಹೇಳಲಿ, ಜೀವ ಹಾರಿತ್ತು. ಬಾಗಿಲು ಹಾಕಿಕೊಂಡೆ.

ನನ್ನ ಕುಬಸಕ್ಕೆ ಅತ್ತೆ ಶಿಗ್ಗಾಂವಿಯಿಂದ ಬೇರೊಬ್ಬ ಬಳೆಗಾರ್ತಿಯನ್ನು ಕರೆಸಿದರು. ಅವಳದು ಒರಟು ಕೈ. ಒಂದರ ಹಿಂದೊಂದು ಮೂರು ಬಳೆ ಒಡೆದು ರಕ್ತ ಬಂತು. ಬಸುರಿಗೆ ಹಸಿರು ಬಳೆ ಇಡುವ ಶುಭದಿನ ಬಳೆ ಒಡೆಯುವುದೆಂದರೆ! ಸೇರಿದ್ದವರ ಮುಖ ಸಣ್ಣದಾಯಿತು. ನನಗೆ ತಕ್ಕ ಶಾಸ್ತಿ ಎನಿಸಿತು. ಬಳೆಗಾರವ್ವ ಬರದಿದ್ದರೆ ಬಳೆಯೇ ಬೇಡ ಎಂದು ಹಟ ಹಿಡಿದೆ. ಕೊನೆಗೆ ಅತ್ತೆ ಹೇಳಿಕಳಿಸಿದರು.

ಅವಳು ಬಂದು ಎದುರಿಗೆ ಕುಳಿತಳು. ಆದರೆ ಎಂದಿನಂತೆ ಕೈ ಚಾಚಲಿಲ್ಲ. ಎರಡೂ ಕೈ ಸೆರಗಿನೊಳಗಿದ್ದವು.

“ನೀನ ಕೈ ಕೊಡವ್ವಾ,” ಎಂದಳು. “ನಾ ಆಗಿ ಹಿಡಿಯಂಗಿಲ್ಲ.”

ಕೊಟ್ಟೆ. ಅವಳು ಮೊದಲಿನಂತೆಯೇ ಮೆತ್ತಗೆ ಒತ್ತಿ ಏರಿಸಿದಳು, ಒಂದು ಬಳೆಯೂ ಒಡೆಯಲಿಲ್ಲ. ಕೊನೆಯದು ಏರಿದ ಮೇಲೆ ಅತ್ತೆಯೇ ಮುಂಗೈ ಮುಂದೆ ಮಾಡಿದರು... ಅವರ ಹಿಂದೆ ಉಳಿದವರು.

ಬಾಗಿಲು ಹಾಕಿದ್ದಕ್ಕೆ ತಪ್ಪಾಯಿತೆಂದು ನಾನು ಹೇಳಲೇ ಇಲ್ಲ. ಇಂದು, ನಾಳೆ ಎನ್ನುವುದರಲ್ಲಿ ಅವಳು ತೀರಿಕೊಂಡಳು. ಆ ಚಿತ್ರದ ಸುರುಳಿಯೂ ಎಲ್ಲಿ ಹೋಯಿತೋ...

ಈಗ ಟಿವಿಯಲ್ಲಿ ದೆವ್ವದ ಸಿನೆಮಾ ಬಂದು ಕತ್ತಲಿನಿಂದ ಕೈಯೊಂದು ಚಾಚಿದರೆ, ನಾನು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ. ಆಯಿ ಅಂಜ್ಯಾಳ ಎಂದು ಮೊಮ್ಮಕ್ಕಳು ನಗುತ್ತವೆ. ನಗಲಿ. ನಾನು ಅಂಜಿದ್ದು ಒಂದೇ ಸಲ, ಅದೂ ಅಂಜಬಾರದವಳಿಗೆ.