ಡುಗಲ್ ಅಂಕಲ್‌ಗೆ ಸಿಕ್ಕ ದೊಡ್ಡ ಪಾತ್ರ

ಗೋಂದಿಗೆ ಸ್ಪಿರಿಟ್ ಬೆರೆಸಿದಂಥ ವಾಸನೆ ಅದು. ಮೊದಲು ಮೂಗಿನ ತುದಿಗೆ ಚುರುಕೆಂದು ತಾಗಿ, ಆಮೇಲೆ ಗಂಟಲಲ್ಲಿ ಸಣ್ಣಗೆ ಸಿಹಿಯಾಗಿ ಉಳಿಯುತ್ತದೆ. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ನಾನು ಸ್ಪೀಚ್ ಥೆರಪಿಸ್ಟ್ ಆಗಿರುವ ವಾರ್ಡಿನಲ್ಲಿ, ಕಳೆದ ವಾರ ನರ್ಸ್ ಒಬ್ಬಳು ಮುದುಕರೊಬ್ಬರ ತೋಳಿಗೆ ಅಂಟಿದ್ದ ಪ್ಲಾಸ್ಟರನ್ನು ಯಾವುದೋ ದ್ರವ ಸವರಿ ಬಿಡಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಪ್ಪತ್ತೈದು ವರ್ಷಗಳ ಹಿಂದೆ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ನಮ್ಮ ಕೆಳಗಿನ ಫ್ಲ್ಯಾಟಿನಿಂದ ಇದೇ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಡುಗಲ್ ಅಂಕಲ್ ಸುಳ್ಳು ಮೀಸೆ ಅಂಟಿಸಿಕೊಳ್ಳುವ ಅಂಟಿನ ವಾಸನೆ. ಯಾವುದೋ ಒಂದು ವಾಸನೆ ಹೀಗೆ ಬಂದು, ಈಗ ಇಲ್ಲದ ಮನೆಯೊಂದರ ಬಾಗಿಲನ್ನು ತೆರೆದು ಹೋಗುವುದು ನಿಮಗೂ ಆಗಿರಬೇಕು.

ನಾವು ಉಡುಪಿಯಿಂದ ಅಲ್ಲಿಗೆ ಬಂದಾಗ ನನಗೆ ಒಂಬತ್ತು ವರ್ಷ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ಲ್ಯಾಬಿನಲ್ಲಿ. ಸ್ಟೇಷನ್ನಿನ ಹತ್ತಿರ ಕೆಂಪು ಇಟ್ಟಿಗೆಯ ಮೂರಂತಸ್ತಿನ ಹಳೇ ಕಟ್ಟಡ. ಟ್ರೈನ್ ಹಾದಾಗಲೆಲ್ಲ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ಬಂದ ಮೊದಲ ವಾರವೇ ಮೆಟ್ಟಿಲ ಮೇಲೆ ಎತ್ತರದ, ನೆರೆತ ಕೂದಲಿನ ಮನುಷ್ಯರೊಬ್ಬರು ಎದುರಾದರು. ಹಣೆ ಒಡೆದು ರಕ್ತ ಕೆನ್ನೆಯವರೆಗೆ ಇಳಿದಿತ್ತು. "ಅಯ್ಯೋ ದೇವರೇ! ಓ ಇವ್ರೇ, ಹತ್ತಿ ತನ್ನಿ ಬೇಗ!" ಎಂದು ಅಮ್ಮ ಅಪ್ಪನನ್ನು ಕೂಗಿ, ಆ ಮನುಷ್ಯರ ಭುಜ ಒತ್ತಿ ಅಲ್ಲೇ ಕೂರಿಸಿದಳು. ಅವರು ಹಣೆ ಒಡ್ಡಿ ಕೂತರು. ಗಾಯ ಒರೆಸಿದರೆ ಗಾಯವೇ ಕೈಗೆ ಬಂತು. ಕೆಳಗಿನ ಫ್ಲ್ಯಾಟಿನ ಡುಗಲ್ ಅಂಕಲ್ ಅವರು. ಶೂಟಿಂಗ್ ಮುಗಿಸಿ ಬಣ್ಣ ತೆಗೆಯದೆ ಟ್ರೈನ್ ಹತ್ತಿ ಬಂದಿದ್ದರಂತೆ. "ಕ್ಷಮಿಸಿ, ಇಷ್ಟು ಅಕ್ಕರೆಯಿಂದ ನನ್ನನ್ನು ಯಾರಾದರೂ ನೋಡಿಕೊಂಡು ಬಹಳ ವರ್ಷ ಆಗಿತ್ತು. ನಡುವೆ ತಡೆಯೋಕೆ ಮನಸ್ಸಾಗಲಿಲ್ಲ" ಎಂದರು. ಅವರು ಆಡುತ್ತಿದ್ದದ್ದು ಇಂಗ್ಲಿಷೇ. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ಕನ್ನಡವಾಗಿ ಉಳಿದಿದೆ. ಅಮ್ಮ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವರನ್ನು ಊಟಕ್ಕೆ ಕರೆದಳು.

ಅಲ್ಲಿಂದ ಮುಂದೆ ಸ್ಕೂಲು ಬಿಟ್ಟ ಮೇಲಿನ ನನ್ನ ಮಧ್ಯಾಹ್ನಗಳೆಲ್ಲ ಅವರ ಮನೆಯಲ್ಲೇ ಕಳೆದವು. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವರು, ಹಡಗು ಕಟ್ಟುವ ಕೂಲಿಯ ಮಗ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ನಾಟಕದ ಕಂಪನಿಯೊಂದರ ಜತೆ ಮೆಲ್ಬರ್ನ್‌ಗೆ ಬಂದರು. ಕಂಪನಿ ಮುರಿದುಬಿತ್ತು, ಇವರು ಉಳಿದರು. ಮೊದಲು ಮೆಲ್ಬರ್ನ್, ಆಮೇಲೆ ಸಿಡ್ನಿ. ಟೀವಿ ಧಾರಾವಾಹಿಗಳಲ್ಲಿ ನಲವತ್ತು ವರ್ಷ ಸಣ್ಣ ಪಾತ್ರಗಳು. ಪೊಲೀಸ್ ಸಾರ್ಜೆಂಟ್, ಪಾದ್ರಿ, ಹಡಗಿನ ಕ್ಯಾಪ್ಟನ್, ಕುಡುಕ ಡಾಕ್ಟರ್. ಎಷ್ಟೋ ಸಲ ಮೊದಲ ದೃಶ್ಯದಲ್ಲೇ ಹೆಣವಾಗಿ ಮಲಗಿದ್ದರು. ಅವರು ಬರುವ ದಿನ ನಾವೆಲ್ಲ ಟೀವಿಯ ಮುಂದೆ ಕೂರುತ್ತಿದ್ದೆವು. ಅಮ್ಮ ಮಾಡಿದ ನೀರುದೋಸೆಯನ್ನು ಬೆಳಕಿಗೆ ಹಿಡಿದು, "ನಮ್ಮಮ್ಮನ ಕಿಟಕಿಯ ಪರದೆ ಹೀಗೇ ಇತ್ತು" ಎಂದು ಅವರು ಹೇಳುವಷ್ಟರಲ್ಲಿ ಅವರ ಪಾತ್ರ ಬಂದು ಹೋಗಿಬಿಟ್ಟಿರುತ್ತಿತ್ತು. ಅಂಕಲ್ ಮೀಸೆ ಅಂಟಿಸಿಕೊಳ್ಳುವಾಗ ಅಪ್ಪನೂ ಕೆಳಗಿಳಿದು ಬಂದು ಕೂರುವುದಿತ್ತು. ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಬಾಲ್ಯ ಕಳೆದವನು ಅವನು. "ಕಣ್ಣು ಮುಚ್ಚಿದ್ರೆ ಊರಲ್ಲೇ ಇದ್ದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಅಮ್ಮನಿಗೆ ಹೇಳುತ್ತಿದ್ದ.

ಸ್ಕೂಲಿನಲ್ಲಿ ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಇಂಗ್ಲಿಷಿನ ರಕಾರವನ್ನು ಉರುಳಿಸಿ ಅಣಕಿಸುವ ಹುಡುಗಿಯರಿದ್ದರು. ಒಂದು ದಿನ ನಾನು ಅತ್ತದ್ದನ್ನು ಕಂಡು ಅಂಕಲ್ ನನ್ನಿಂದ ಒಂದು ಪುಟ ಓದಿಸಿದರು. "ಇದು ನನ್ನದೇ ರಕಾರ ಕಣೆ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಗ್ಲಾಸ್ಗೋದವರೂ ರಕಾರವನ್ನು ಹೀಗೇ ಉರುಳಿಸುತ್ತಾರಂತೆ. ಲಂಡನ್ನಿನ ನಾಟಕಶಾಲೆಯವರು ಎರಡು ವರ್ಷ ಅವರಿಂದ ಅದನ್ನು ಬಿಡಿಸಲು ನೋಡಿದರಂತೆ. "ಬಿಟ್ಟಿದ್ದರೆ ಆ ಸಾರ್ಜೆಂಟ್, ಪಾದ್ರಿ ಯಾವುದೂ ಸಿಗುತ್ತಿರಲಿಲ್ಲ. ನೀನು ಬಿಡಬೇಡ." ಅಂದಿನಿಂದ ಪಾತ್ರದ ಸಾಲುಗಳನ್ನು ಅವರಿಂದ ಒಪ್ಪಿಸಿಕೊಳ್ಳುವವಳು ನಾನಾದೆ. ಎದುರಿನ ಪಾತ್ರದ ಮಾತನ್ನು ನಾನು ಓದುವುದು, ಅವರು ಉತ್ತರಿಸುವುದು. ಆ ಮನೆಯಲ್ಲಿ ಮಾತ್ರ ನನಗೆ ದೊಡ್ಡ ದನಿ ಇತ್ತು.

ನನಗೆ ಹನ್ನೆರಡು ತುಂಬಿದ ವರ್ಷ, ಮೆಲ್ಬರ್ನ್‌ನ ಚಿಕ್ಕ ರಂಗಮಂದಿರವೊಂದು ಅವರನ್ನು ಕರೆಯಿತು. ಮಗಳಿಗೆ ತನ್ನ ಬದುಕನ್ನೆಲ್ಲ ಹೇಳಿಕೊಳ್ಳುವ ಮುದಿ ಮೀನುಗಾರನ ಪಾತ್ರ. ಮೊದಲಿನಿಂದ ಕೊನೆಯವರೆಗೆ ವೇದಿಕೆ ಬಿಡುವಂತಿಲ್ಲ. ಪೋಸ್ಟರಿನಲ್ಲಿ ಅವರ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅದನ್ನು ಗೋಡೆಗೆ ಹಚ್ಚದೆ, ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರುತ್ತಿದ್ದರು. ನಾವು ಅಭ್ಯಾಸ ಶುರುಮಾಡಿದೆವು. ಮೊದಲ ಭಾಗ ಬಾಯಿಪಾಠ ಬಂತು. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಹೋಗಿರುತ್ತಿತ್ತು. ದೋಣಿ ಮುಳುಗುವ ಕತೆಯ ಹತ್ತಿರ ಬಂದಾಗಲಂತೂ ಪ್ರತಿಸಲ ನಿಲ್ಲುತ್ತಿದ್ದರು. ನಾನು ಸಾಲಿನ ಮೊದಲ ಶಬ್ದ ಹೇಳಿದರೆ ಮುಂದೆ ಹೋಗುತ್ತಿದ್ದರು. "ಇದು ನಮ್ಮಿಬ್ಬರಲ್ಲೇ ಇರಲಿ" ಎಂದರು. ಅಮ್ಮನ ಕಣ್ಣು ನರ್ಸಿನ ಕಣ್ಣು. ಅಂಕಲ್ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳುವುದನ್ನು ಗಮನಿಸಿದ್ದಳು. "ಅವರಿಗೆ ಮರೆತುಹೋಗ್ತದಾ? ಸತ್ಯ ಹೇಳು" ಎಂದು ನನ್ನನ್ನು ಕೇಳಿದಳು. "ಇಲ್ಲಮ್ಮ, ಎಲ್ಲ ಬಾಯಿಪಾಠ ಉಂಟು" ಎಂದೆ. ಅಮ್ಮನಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಮೊದಲ ಪ್ರದರ್ಶನ ಒಂದು ಶನಿವಾರ ಮಧ್ಯಾಹ್ನ. ತಾಲೀಮಿಗೆಂದು ಅಂಕಲ್ ಮೊದಲೇ ಅಲ್ಲಿ ಸೇರಿದ್ದರು. ನಾವು ಮೂವರೂ ಕಾರಿನಲ್ಲಿ ಮೆಲ್ಬರ್ನ್‌ಗೆ ಹೋಗಿ ಮೂರನೆಯ ಸಾಲಿನಲ್ಲಿ ಕೂತೆವು. ಅವರು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ ನಾನು ಹೆದರುವುದನ್ನೇ ಮರೆತಿದ್ದೆ. ಆಮೇಲೆ ಮುಳುಗುವ ದೋಣಿಯ ಜಾಗ ಬಂತು. ಅವರು ನಿಂತರು. ಮಗಳ ಪಾತ್ರದ ನಟಿ ಕಾದಳು. ಮುಂದಿನ ಸಾಲು ನನ್ನ ನಾಲಿಗೆಯ ಮೇಲಿತ್ತು. ಬಾಯಿ ತೆರೆದೆ, ಸುತ್ತ ತುಂಬಿದ್ದ ಅಪರಿಚಿತ ಮುಖಗಳನ್ನು ಕಂಡು ಮುಚ್ಚಿದೆ. ಅಂಕಲ್ ಕೈಯಲ್ಲಿದ್ದ ಬಲೆಯನ್ನು ಮೆಲ್ಲನೆ ಕೆಳಗಿಟ್ಟರು. "ನಮ್ಮಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ" ಎಂದು ಶುರುಮಾಡಿದರು. ಅದು ನಾಟಕದಲ್ಲಿರಲಿಲ್ಲ. ಹಡಗಿನ ತಗಡಿಗೆ ಸುತ್ತಿಗೆ ಬಡಿದು ಬಡಿದು ಕಿವುಡಾದ ತಂದೆ. ಅವರಿಗೆ ತಿಳಿಯಲೆಂದು ಪ್ರತಿ ಮಾತನ್ನೂ ಮುಖದಲ್ಲಿ ಬಿಡಿಸಿ ಆಡಲು ಕಲಿತ ಮಗ. ಊರು ಬಿಡುವ ದಿನ ಹಡಗುಕಟ್ಟೆಯಲ್ಲಿ ದೂರದಿಂದ, ಬೇಗ ಬರ್ತೀನಿ ಅಂತ ಬಾಯಲ್ಲೇ ತೋರಿಸಿದ್ದನಂತೆ. ತಂದೆ ಅರ್ಥವಾಯಿತೆಂದು ತಲೆಯಾಡಿಸಿದ್ದರಂತೆ. ತಂದೆ ಸತ್ತ ಸುದ್ದಿಯ ಕಾಗದ ಬರುವಾಗ ಮಣ್ಣಾಗಿ ಮೂರು ವಾರ. ನನ್ನ ಪಕ್ಕದಲ್ಲಿ ಅಪ್ಪ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ. ನಟಿ ಅವರ ಕೈ ಹಿಡಿದು, ತನ್ನ ಮಾತಿನಿಂದಲೇ ಅವರನ್ನು ಮೆಲ್ಲಗೆ ನಾಟಕದೊಳಕ್ಕೆ ಕರೆತಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಅವರೇ ನಿರ್ದೇಶಕರಿಗೆ ವಿಷಯ ಹೇಳಿ ಪಾತ್ರ ಬಿಟ್ಟರು. ನಮ್ಮ ಕಾರಿನಲ್ಲೇ ಸಿಡ್ನಿಗೆ ಹಿಂದಿರುಗಿದರು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬೆಂಚಿನ ಮೇಲೆ ನಾವಿಬ್ಬರೇ.

"ಆ ಸಾಲು ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು. ಜನ ನಗ್ತಾರೆ ಅಂತ ಹೇಳ್ಲಿಲ್ಲ." ನಾನು ಅಳತೊಡಗಿದೆ.

ಅವರು ತಮ್ಮ ಕರವಸ್ತ್ರ ತೆಗೆದು ನನ್ನ ಕೈಗಿತ್ತರು. "ನೀನು ಹೇಳಿದ್ದರೆ ಅಪ್ಪನ ಕತೆ ನನ್ನೊಳಗೇ ಉಳಿದುಬಿಡುತ್ತಿತ್ತು" ಎಂದರು. ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಆಡಿದ್ದೋ, ಇಂದಿಗೂ ತಿಳಿಯದು.

ಆಮೇಲೆ ಎಲ್ಲವೂ ಬೇಗ ಬೇಗ ಸರಿಯಿತು. ನಾವು ಬ್ಯಾಂಕಿನ ಸಾಲ ಮಾಡಿ ಸಿಡ್ನಿಯ ಅಂಚಿನ ದಿ ಪಾಂಡ್ಸ್ ಬಡಾವಣೆಯ ಹೊಸ ಮನೆಗೆ ಹೋದೆವು. ಅಲ್ಲಿ ಟ್ರೈನಿನ ಸದ್ದಿಲ್ಲ, ಲೋಟಗಳು ಸುಮ್ಮನಿರುತ್ತಿದ್ದವು. ಅಂಕಲ್ ವೃದ್ಧರ ಆರೈಕೆಯ ಮನೆ ಸೇರಿದರು. ಆ ಕೆಂಪು ಕಟ್ಟಡವನ್ನು ಕೆಡವಿದರು. ಈಗ ಅಲ್ಲಿ ಗಾಜಿನ ಅಪಾರ್ಟ್‌ಮೆಂಟ್ ಇದೆ, ನಮ್ಮ ಮೆಟ್ಟಿಲು ಎಲ್ಲಿತ್ತೆಂದು ಊಹಿಸಲೂ ಆಗುವುದಿಲ್ಲ. ಯೂನಿವರ್ಸಿಟಿಗೆ ಸೇರಿದ ವರ್ಷ ಅಮ್ಮನೂ ನಾನೂ ಅವರನ್ನು ಕಡೆಯ ಸಲ ನೋಡಲು ಹೋದೆವು. ನಮ್ಮ ಗುರುತು ಹತ್ತಲಿಲ್ಲ. ಅಲ್ಲಿನ ಹಜಾರದ ಟೀವಿಯಲ್ಲಿ ಹಳೆಯ ಧಾರಾವಾಹಿ. ಟೋಪಿ ಕೈಲಿ ಹಿಡಿದ ಸಾರ್ಜೆಂಟ್ ಒಬ್ಬ ವಿಧವೆಗೆ ಸುದ್ದಿ ಮುಟ್ಟಿಸುತ್ತಿದ್ದ. ಅವರೇ ಅದು, ನಡುವಯಸ್ಸಿನ ಅವರು.

"ಒಳ್ಳೆ ನಟ" ಎಂದು ಅವರು ನನ್ನ ಕಡೆ ಬಾಗಿದರು. "ಇವನಿಗೆ ಯಾರೂ ದೊಡ್ಡ ಪಾತ್ರ ಕೊಡಲೇ ಇಲ್ವಾ?"

"ಕೊಟ್ಟಿದ್ದಾರೆ ಅಂಕಲ್, ಮೆಲ್ಬರ್ನ್‌ನಲ್ಲಿ. ನಾನು ನೋಡಿದ್ದೇನೆ."

"ಹೌದಾ? ಏನು ಕತೆ?"

ಹಡಗು ಕಟ್ಟುವ ಕಿವುಡ ತಂದೆಯ ಕತೆಯನ್ನು ನಾನು ಮೊದಲಿನಿಂದ ಹೇಳಿದೆ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು, ನಾನು ದನಿ ತಗ್ಗಿಸಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತ ಕೇಳಿದರು. ಹಡಗುಕಟ್ಟೆಯ ಭಾಗ ಮುಗಿದಾಗ ನನ್ನ ತೋಳು ಹಿಡಿದುಕೊಂಡು, "ಆಮೇಲೆ ಆ ಹುಡುಗ ಮನೆಗೆ ಹೋದನಾ?" ಎಂದು ಕೇಳಿದರು.

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೋದ ಅಂಕಲ್" ಎಂದೆ.