ಲಿಫ್ಟ್ ಬರುವವರೆಗೆ ಕಂಬಿ ಬೇಡ

ನಮ್ಮಕ್ಕ ಮೆಟ್ಟಿಲ ಮೇಲಿಂದ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಸುದ್ದಿ ಕೇಳಿ ನಾನು ಮೈಸೂರಿನ ಸರಸ್ವತಿಪುರಂನ ಅವಳ ಮನೆಗೆ ಓಡಿದಾಗ ಭಾವ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮುಖದಲ್ಲಿ ಗಾಬರಿ ಇತ್ತು, ಇಲ್ಲ ಅನ್ನಲಾರೆ. ಆದರೆ ಬಾಯಿಂದ ಬಂದ ಮೊದಲ ಮಾತು ಇದು:

"ಇದು ಪ್ಲಾನಿನಲ್ಲಿ ಇರಲಿಲ್ಲ ಕಣಯ್ಯ."

ಪ್ಲಾನ್ ಮಾಡಿಕೊಂಡು ಬೀಳುವವರು ಯಾರಿದ್ದಾರೆ ಸ್ವಾಮಿ? (ರೂಪಾಯಿಯ ವಿಚಾರ ಬೇರೆ.)

ಭಾವನನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಸರ್ವಿಸ್ ಪೂರ್ತಿ ಸರ್ಕಾರದ ಯೋಜನಾ ವಿಭಾಗದಲ್ಲಿ ಕಳೆದವರು. ಐದು ವರ್ಷಕ್ಕೊಮ್ಮೆ ದಪ್ಪ ಪುಸ್ತಕ ಬರುತ್ತಿತ್ತಲ್ಲ, ಅದರಲ್ಲಿ ಯಾವುದೋ ಅಧ್ಯಾಯದ ಯಾವುದೋ ಕೋಷ್ಟಕ ಇವರದು. ಅವರು ರಿಟೈರ್ ಆದರು. ಪಂಚವಾರ್ಷಿಕ ಯೋಜನೆಗಳೂ ರಿಟೈರ್ ಆದವು. ದೆಹಲಿಯಲ್ಲಿ ಬೋರ್ಡು ಬದಲಾಯಿತು, ಐದು ವರ್ಷದ ಲೆಕ್ಕ ಹೋಗಿ ಕಾಲು ಶತಮಾನದ 'ವಿಷನ್' ಬಂತು. ಆದರೆ ಅಭ್ಯಾಸಬಲ ಅಂತ ಒಂದಿದೆಯಲ್ಲ? ದೇಶ ಕೈಬಿಟ್ಟ ಕೂಸನ್ನು ಭಾವ ಮನೆಗೆ ಎತ್ತಿಕೊಂಡು ಬಂದರು. ಅಲ್ಲಿಂದ ಶುರುವಾಯಿತು ಮನೆಯ ಪಂಚವಾರ್ಷಿಕ ಯೋಜನೆ.

ನಗಬೇಡಿ. ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದಾರೆ. ಮುನ್ನುಡಿ ಇದೆ, ಮಾರ್ಗಸೂಚಿ ಇದೆ, ಹೊದಿಕೆಯ ಮೇಲೆ ಮನೆಯ ಕಲರ್ ಫೋಟೊ ಇದೆ. ಆ ಫೋಟೊದಲ್ಲಿ ಮನೆಗೆ ಒಂದು ಲಿಫ್ಟ್ ಕೂಡ ಇದೆ. (ಮನೆಯಲ್ಲಿ ಇಲ್ಲ. ಫೋಟೊದಲ್ಲಿ ಮಾತ್ರ. ಕಂಪ್ಯೂಟರ್ ಕೃಪೆ.)

ಯೋಜನೆಯ ಮುಖ್ಯ ಗುರಿಯೇ ಅದು. ಐದನೇ ವರ್ಷದ ಕೊನೆಗೆ ಮನೆಗೊಂದು ಲಿಫ್ಟ್. ಯಾಕೆ? ಅಕ್ಕನಿಗೆ ಮಂಡಿ ನೋವು. ಮಲಗುವ ಕೋಣೆ ಮಹಡಿ ಮೇಲೆ, ಅಡುಗೆಮನೆ ಕೆಳಗೆ. ಉದ್ದೇಶ ಎಷ್ಟು ಒಳ್ಳೆಯದು ನೋಡಿ! ಈ ದೇಶದಲ್ಲಿ ಕೆಟ್ಟ ಉದ್ದೇಶದ ಯೋಜನೆ ಒಂದನ್ನಾದರೂ ನೀವು ಕಂಡಿದ್ದೀರಾ? ಮುನ್ನುಡಿ ಓದುವಾಗಲೇ ಕಣ್ಣಲ್ಲಿ ನೀರು ಬರುತ್ತದೆ. ಜಾರಿಯಾದ ಮೇಲೂ ಬರುತ್ತದೆ, ಆ ನೀರು ಬೇರೆ.

ಮೊದಲ ವರ್ಷದ ಕೆಲಸ ಏನು ಗೊತ್ತೇ? ಮೆಟ್ಟಿಲಿಗೆ ಇದ್ದ ಹಳೆಯ ಕಬ್ಬಿಣದ ಕಂಬಿಯನ್ನು ಕೀಳುವುದು. ಲಿಫ್ಟು ಬರುವುದು ಆ ಕಡೆಯಿಂದಲೇ, ಆದ್ದರಿಂದ ಜಾಗ ತೆರವು ಮಾಡಬೇಕು. ಕಿತ್ತರು. ಗುಜರಿಯವನು ಬಂದು ತೂಕ ಹಾಕಿಕೊಂಡು ಹೋದ. ಆ ವರ್ಷದ ವರದಿಯಲ್ಲಿ ಭಾವ ಬರೆದುಕೊಂಡರು: ಪೂರ್ವಸಿದ್ಧತಾ ಕಾಮಗಾರಿ, ನೂರಕ್ಕೆ ನೂರು ಸಾಧನೆ. ಕಟ್ಟುವುದರಲ್ಲಿ ಹಿಂದೆ ಬೀಳಬಹುದು, ಕೀಳುವುದರಲ್ಲಿ ನಮ್ಮ ಯೋಜನೆಗಳು ಎಂದೂ ಹಿಂದೆ ಬಿದ್ದಿಲ್ಲ. ಬೇಕಿದ್ದರೆ ನಿಮ್ಮ ರಸ್ತೆಯನ್ನೇ ನೋಡಿಕೊಳ್ಳಿ.

ಆಮೇಲೆ? ಆಮೇಲೆ ಏನಿದೆ, ಲಿಫ್ಟಿನ ಕಂಪನಿಯವರ ಜೊತೆ ಪತ್ರವ್ಯವಹಾರ ನಡೆಯಿತು. ಎರಡನೇ ವರ್ಷ ಅಧ್ಯಯನ. ಮೂರನೇ ವರ್ಷ, ಅಧ್ಯಯನದ ಮೇಲೆ ಮರು ಅಧ್ಯಯನ. ಅಕ್ಕ ಅಷ್ಟೂ ಕಾಲ ಗೋಡೆ ಹಿಡಿದುಕೊಂಡು ಹತ್ತಿದಳು, ಗೋಡೆ ಹಿಡಿದುಕೊಂಡು ಇಳಿದಳು. ಇನ್ನೊಂದು ಪಕ್ಕ ಬಯಲು. ಮಲಗುವುದಕ್ಕೆ ಮಾತ್ರ ಹತ್ತಿದರೆ ಸಾಲದು. ಭಾವನ ಯೋಜನಾ ಕಚೇರಿಯೂ ಮಹಡಿ ಮೇಲೆಯೇ, ಅಲ್ಲಿಗೆ ಬೆಳಿಗ್ಗೆ ಸಂಜೆ ಕಾಫಿ ಹೋಗಬೇಕು. (ಯೋಜಿಸುವವರು ಮೇಲೆ, ಕಾಫಿ ಮಾಡುವವರು ಕೆಳಗೆ. ದೇಶದ ನಕ್ಷೆ ಬಿಡಿಸಲು ಇನ್ನೇನು ಬೇಕು?)

"ರೀ, ಒಂದ್ ಕಂಬಿನಾದ್ರೂ ಹಾಕ್ಸಿ," ಅಂತ ಅವಳು ಕೇಳಿದ್ದು ನನ್ನೆದುರಿಗೇ ಎಷ್ಟು ಸಲವೋ. ಪಕ್ಕದ ಮನೆಯ ಸ್ಟೆಲ್ಲಾ ಕೂಡ ಕೇಳಿದರು. ಸ್ಟೆಲ್ಲಾ ಮತ್ತು ಅಕ್ಕ ಹಳೆಯ ಗೆಳತಿಯರು. ಸಂಕ್ರಾಂತಿಯ ಎಳ್ಳು ಆ ಕಾಂಪೌಂಡ್ ದಾಟುತ್ತದೆ, ಕ್ರಿಸ್‌ಮಸ್ಸಿನ ಸಿಹಿತಿಂಡಿ ಕಲ್‌ಕಲ್ ಈ ಕಡೆ ಬರುತ್ತದೆ.

"ಏನ್ ಸಾರ್ ಇದು, ಒಂದ್ ಕಂಬಿಗೆ ಐದು ವರ್ಷನಾ?" ಅಂದಿದ್ದರು ಸ್ಟೆಲ್ಲಾ. "ನಮ್ಮ ಚರ್ಚಿಗೆ ಬರೋರು ಒಬ್ರು ವಿದ್ಯಾರಣ್ಯಪುರಂನಲ್ಲಿ ವೆಲ್ಡಿಂಗ್ ಶಾಪ್ ಇಟ್ಟವ್ರೆ. ಕಳಿಸ್ಲಾ?"

ಭಾವ ನಕ್ಕರು. ಪಾಪದ ಪ್ರಜೆಗೆ ಅರ್ಥಶಾಸ್ತ್ರ ತಿಳಿಸಿ ಹೇಳುವ ಅಧಿಕಾರಿಯ ನಗು. "ನಾಳೆ ಲಿಫ್ಟ್ ಬಂದ್ಮೇಲೆ ಆ ಕಂಬಿ ಏನ್ಮಾಡೋದಮ್ಮ? ಡೂಪ್ಲಿಕೇಷನ್ ಆಗುತ್ತೆ. ವೇಸ್ಟು."

ಆ ವೇಸ್ಟ್ ಅನ್ನುವ ಪದ ಕೇಳಿ ನನಗೆ ಮೈ ಉರಿಯಿತು. ಯಾಕೆಂದರೆ ಇದು ಭಾವನೊಬ್ಬರ ಕಾಯಿಲೆ ಅಲ್ಲ. ನಮ್ಮೂರಿಗೆ ಮೆಟ್ರೋ ಬರುತ್ತದಂತೆ ಅಂತ ಆಗಾಗ ಮಾತು ಎದ್ದು ಕೂರುತ್ತದೆ, ಬರಲಿ ಪಾಪ. ಅಲ್ಲಿಯವರೆಗೆ ಬಿಸಿಲಲ್ಲಿ ಸಿಟಿ ಬಸ್ಸಿಗೆ ಕಾಯುವವರ ತಲೆ ಮೇಲೆ ಒಂದು ತಗಡು ಹಾಕಿದರೆ ಯಾರ ಗಂಟು ಹೋಗುತ್ತದೆ? ಮುಂದೊಂದು ದಿನ ದೊಡ್ಡಾಸ್ಪತ್ರೆ ಬರುತ್ತದೆ ಅಂತ ಇವತ್ತು ಇರುವ ಸಣ್ಣ ದವಾಖಾನೆಗೆ ಡಾಕ್ಟರನ್ನು ಹಾಕುವುದಿಲ್ಲ. ದೊಡ್ಡ ಕನಸು ಸಣ್ಣ ಕೆಲಸವನ್ನು ನುಂಗುತ್ತದೆ, ನುಂಗಿ ಆರಾಮಾಗಿ ಮಲಗುತ್ತದೆ. ಕೇಳಿದರೆ ನಮಗೆ ದೂರಾಲೋಚನೆ ಇಲ್ಲವಂತೆ.

ಯೋಜನೆಗಳಿಂದ ಏನೂ ಆಗಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಅಣೆಕಟ್ಟುಗಳಾದವು, ಉಕ್ಕಿನ ಕಾರ್ಖಾನೆಗಳಾದವು, ಅವುಗಳ ಅನ್ನ ಉಂಡವರ ಮಕ್ಕಳೇ ನಾವು. (ನಮ್ಮ ಕನ್ನಂಬಾಡಿ ಕಟ್ಟೆ ಮಾತ್ರ ಈ ಯಾವ ಯೋಜನೆಯೂ ಹುಟ್ಟುವ ಮುಂಚೆಯೇ ನಿಂತಿತ್ತು ಅನ್ನುವುದನ್ನು ಮೈಸೂರಿನವನಾಗಿ ಹೇಳದೆ ಇರಲಾರೆ.) ಬಡ ದೇಶಕ್ಕೆ ಪ್ಲಾನು ಬೇಡ ಅಂತ ಹೇಳುವಷ್ಟು ಶ್ರೀಮಂತಿಕೆ ನನಗಿಲ್ಲ. ನನ್ನ ಜಗಳ ಇರುವುದು ಗುರಿ ವರ್ಷದ ಜೊತೆ. ಗಮನಿಸಿದ್ದೀರಾ? ಹೇಳಿದವರು ರಿಟೈರ್ ಆಗಿ, ಕೇಳಿದವರು ಮರೆತಿರುವ ಜಾಗದಲ್ಲೇ ಅದು ಯಾವಾಗಲೂ ಇರುತ್ತದೆ. ಹಿಂದೆ ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ದೆವ್ವ ಬಂದರೆ ಓದಿಕೊಂಡು ವಾಪಸ್ ಹೋಗಲಿ ಅಂತ. ಈಗ ಅದನ್ನೇ ಆರ್ಟ್ ಪೇಪರಿನಲ್ಲಿ ದಪ್ಪ ಪುಸ್ತಕ ಮಾಡಿ ಅಚ್ಚು ಹಾಕುತ್ತಾರೆ. ಓದಿಕೊಂಡು ವಾಪಸ್ ಹೋಗುವವರು ನಾವು.

ಇರಲಿ, ಅಕ್ಕನ ಕಥೆಗೆ ಬರುತ್ತೇನೆ.

ಅವತ್ತು ಬಿದ್ದದ್ದು ಭಾವನ ಖಾಲಿ ಕಾಫಿ ಲೋಟ ಕೆಳಗೆ ತರುವಾಗ. ಅದೇ ಹೊತ್ತಿಗೆ ಭಾವ ಮೇಲೆ ಕೂತು ಹಿರಿಯ ನಾಗರಿಕರ ಕಲ್ಯಾಣ ಅನ್ನುವ ಅಧ್ಯಾಯ ತಿದ್ದುತ್ತಿದ್ದರಂತೆ. (ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅವರೇ ಹೆಮ್ಮೆಯಿಂದ ಹೇಳಿದ್ದು.) ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಅಕ್ಕ ಬೇರೆಯೇ ಹೆಂಗಸಾಗಿಬಿಟ್ಟಳು. ಮೆಟ್ಟಿಲು ಕಂಡರೆ ಭಯ. ಒಂದು ಬೆಳಿಗ್ಗೆ ನಾನು ಹೋದಾಗ ಅವಳು ಇಳಿಯುತ್ತಿದ್ದಳು. ನಿಂತುಕೊಂಡಲ್ಲ. ಕೂತುಕೊಂಡು, ಸೀರೆ ಒಟ್ಟು ಮಾಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಜಾರುತ್ತಾ. ನನ್ನನ್ನು ನೋಡಿ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತಿದವಳು ಇವಳು. ನನಗೆ ಅಳು ಬಂತು.

"ಎಂಗೋ ಇಳಿತೀನಿ ಬುಡೋ," ಅಂದಳು. "ಅವ್ರು ನನಗೋಸ್ಕರ ತಾನೆ ಅಷ್ಟೆಲ್ಲಾ ಮಾಡ್ತಿರೋದು."

ಇದನ್ನೇ ಅಲ್ಲವೇ ನಾವೆಲ್ಲ ಹೇಳಿಕೊಂಡು ಬಂದಿರುವುದು? ನಮಗೋಸ್ಕರವೇ ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಕೂತುಕೊಂಡೇ ಜಾರೋಣ.

ನಾನು ಭಾವನ ಮೇಲೆ ಹಾರಾಡಿದೆ. ಅವರು ಸಿಟ್ಟಾಗಲಿಲ್ಲ, ತರಬೇತಿ ಪಡೆದವರು. ಮಧ್ಯಂತರ ಪರಾಮರ್ಶೆ ಮಾಡೋಣ ಅಂದರು. ಕಂಬಿಯ ಅಗತ್ಯವಿದೆಯೇ ಎಂದು ಪರಿಶೀಲಿಸಲು ಅಲ್ಲೇ ಒಂದು ಸಮಿತಿ ರಚನೆಯಾಯಿತು. ಭಾವ ಅಧ್ಯಕ್ಷರು, ನಾನು ಮತ್ತು ಸ್ಟೆಲ್ಲಾ ಸದಸ್ಯರು.

"ಅಕ್ಕ?" ಅಂದೆ.

"ಅವಳು ಫಲಾನುಭವಿ ಕಣಯ್ಯ. ಫಲಾನುಭವಿ ಕಮಿಟೀಲಿ ಇರೋ ಹಾಗಿಲ್ಲ. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗುತ್ತೆ."

ಬೀಳುವವಳಿಗೆ ಬೀಳದೆ ಇರುವುದರಲ್ಲಿ ಸ್ವಹಿತಾಸಕ್ತಿ ಇದೆಯಂತೆ! ಇಂಥ ಮಾತು ಸಾಮಾನ್ಯ ಮನುಷ್ಯನ ಬಾಯಲ್ಲಿ ಬರುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಸರ್ವಿಸ್ ಆಗಿರಬೇಕು.

ಸಮಿತಿ ಸೇರಲಿಲ್ಲ. ಭಾವ ಗೋಕುಲಂನಲ್ಲಿ ಯಾವುದೋ ಉಪನ್ಯಾಸಕ್ಕೆ ಹೋದರು. ವಿಷಯ, ಮುಂದಿನ ಕಾಲು ಶತಮಾನದ ಭಾರತ. ಅವರ ಆಟೋ ಬೀದಿ ತಿರುಗಿದ್ದೇ ತಡ, ಸ್ಟೆಲ್ಲಾ ಫೋನ್ ಮಾಡಿದರು. ವೆಲ್ಡರ್ ಬಂದ. ಕಿಡಿ ಹಾರಿತು, ಡ್ರಿಲ್ ಕೂಗಿತು, ಭಾರತದ ಮುಂದಿನ ಕಾಲು ಶತಮಾನ ಮುಗಿಯುವಷ್ಟರಲ್ಲಿ ಈ ಕಡೆ ಕಂಬಿ ನಿಂತಿತ್ತು. ಅಕ್ಕ ಬಲಗೈಯಿಂದ ಅದನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಮೇಲಕ್ಕೆ ಹತ್ತಿ, ಇಳಿದು, ಮತ್ತೆ ಹತ್ತಿದಳು, ಕೆಲಸ ಏನೂ ಇಲ್ಲದಿದ್ದರೂ.

ಭಾವ ವಾಪಸ್ ಬಂದಾಗ ದೊಡ್ಡ ರಾಮಾಯಣ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಕಂಬಿಯನ್ನು ನೋಡಿದರು. ಅದನ್ನು ಹಿಡಿದುಕೊಂಡೇ (ಹೌದು, ಹಿಡಿದುಕೊಂಡೇ) ಮೇಲೆ ಹೋದರು. ಮಾರನೇ ದಿನ ಪ್ರಗತಿ ವರದಿ ಹೊರಬಿತ್ತು. "ಲಿಫ್ಟ್ ಯೋಜನೆಯ ಪ್ರಥಮ ಹಂತ ನಿಗದಿತ ಅವಧಿಗೆ ಮುನ್ನವೇ ಯಶಸ್ವಿಯಾಗಿ ಪೂರ್ಣಗೊಂಡಿದೆ."

ನಾನು ಎರಡೆರಡು ಸಲ ಓದಿದೆ. ಯಾವ ಕಂಬಿ ವೇಸ್ಟ್ ಅನ್ನಿಸಿಕೊಂಡಿತ್ತೋ, ಅದು ರಾತ್ರಿ ಕಳೆಯುವಷ್ಟರಲ್ಲಿ ಸಾಧನೆಯಾಗಿತ್ತು. ಜನ ಹೇಗೋ ಹೆಣಗಾಡಿ ತಾವೇ ಮಾಡಿಕೊಂಡದ್ದು ಕಡೆಗೆ ಯಾರ ವರದಿಗೆ ಸೇರುತ್ತದೆ ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಸಾಧನೆ ಅಂದಮೇಲೆ ಉದ್ಘಾಟನೆ ಬೇಡವೇ? ಹೋದ ಭಾನುವಾರ ಇಟ್ಟುಕೊಂಡರು. ಭಾವನ ಹಳೆಯ ಮೇಲಧಿಕಾರಿಯೊಬ್ಬರು ಮುಖ್ಯ ಅತಿಥಿ. ಮೆಟ್ಟಿಲ ಬುಡದಲ್ಲಿ ಕಂಬಿಯಿಂದ ಗೋಡೆಯ ಮೊಳೆಗೆ ಅಡ್ಡಲಾಗಿ ಕೆಂಪು ರಿಬ್ಬನ್. ತಟ್ಟೆಯಲ್ಲಿ ಕತ್ತರಿ. ನಾನು, ಸ್ಟೆಲ್ಲಾ, ನಾಲ್ಕು ಜನ ಅಕ್ಕಪಕ್ಕದವರು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಮುಖ್ಯ ಅತಿಥಿ ದಾರಿಯಲ್ಲಿದ್ದಾರೆ. ಮುಖ್ಯ ಅತಿಥಿ ಇನ್ನೂ ದಾರಿಯಲ್ಲಿದ್ದಾರೆ. (ಮುಖ್ಯ ಅತಿಥಿಗಳು ಇರುವುದೇ ದಾರಿಯಲ್ಲಿ.)

ರಿಬ್ಬನ್ ಕಟ್ಟುವ ಭರದಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇತ್ತು. ಅಕ್ಕ ಮೇಲಿದ್ದಳು. ಬಂದವರ ಕಾಫಿಗೆ ಒಲೆ ಮೇಲೆ ಸಣ್ಣ ಉರಿಯಲ್ಲಿ ಹಾಲಿಟ್ಟು, ಸೀರೆ ಬದಲಾಯಿಸಲು ಹತ್ತಿದ್ದಳು.

ಮೊದಲು ವಾಸನೆ ಬಂತು. ಆಮೇಲೆ ಅಕ್ಕ ಮೆಟ್ಟಿಲ ತಲೆಯಲ್ಲಿ ಕಾಣಿಸಿಕೊಂಡಳು. "ಹಾಲು ಉಕ್ತಾ ಐತೆ ಕಣ್ರೀ!" ಅನ್ನುತ್ತಲೇ ಕಂಬಿ ಹಿಡಿದು ಇಳಿಯತೊಡಗಿದಳು.

ಭಾವ ಎರಡೂ ಕೈ ಎತ್ತಿ ಅಡ್ಡ ನಿಂತರು. "ತಡಿಯೇ, ತಡಿಯೇ! ಅಲ್ಲೇ ನಿಂತ್ಕೊ! ಸಾಹೇಬ್ರು ಸರ್ಕಲ್ ಹತ್ರ ಬಂದವ್ರಂತೆ, ಐದೇ ನಿಮಿಷ!"

ಅಕ್ಕ ನಿಲ್ಲಲಿಲ್ಲ. ಎಷ್ಟೋ ದಿನದ ಮೇಲೆ ಅವಳು ನೆಟ್ಟಗೆ ನಿಂತು, ಗೋಡೆ ಮುಟ್ಟದೆ, ದಡದಡ ಇಳಿಯುವುದನ್ನು ನೋಡಿದೆ. ಕೊನೆಯ ಮೆಟ್ಟಿಲಿಗೆ ಬಂದಾಗ ಪ್ಲಾಸ್ಟರ್ ಹಾಕಿದ ಕೈಯನ್ನು ಮುಂದೆ ಚಾಚಿ ಒಂದು ತಳ್ಳು ತಳ್ಳಿದಳು. ಕಂಬಿಯ ಕಡೆಯ ಗಂಟು ಬಿಚ್ಚಿತು, ರಿಬ್ಬನ್ನು ಮೊಳೆ ಸಮೇತ ಕಿತ್ತುಕೊಂಡು ಬಂತು. ಸ್ಟೆಲ್ಲಾ ಚಪ್ಪಾಳೆ ತಟ್ಟಿದರು. ಅಕ್ಕ ರಿಬ್ಬನ್ ಎಳೆದುಕೊಂಡೇ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು.

"ಅಯ್ಯೋ, ಉದ್ಘಾಟನೇನೇ ಆಗ್ಲಿಲ್ವಲ್ಲೇ!" ಭಾವ ತಲೆ ಮೇಲೆ ಕೈ ಹೊತ್ತು ಕೂಗಿದರು.

ಒಳಗಿನಿಂದ ಅಕ್ಕನ ಉತ್ತರ ಬಂತು:

"ಬೀಳ್ದೆ ಇಳ್ದು ಬಂದ್ನಲ್ಲ ಕಣ್ರೀ, ಇನ್ನೇನ್ ಉದ್ಘಾಟನೆ ಆಗ್ಬೇಕು?"